ಕೊಸರೋ, ಬೇಲಿಯೋ?

ಸಂತೆಯಲ್ಲಿ ತರಕಾರಿ ಕೊಳ್ಳುವವರೆಲ್ಲರಿಗೂ ಕೊಸರು ಎಂಬುದರ ಪರಿಚಯವುಂಟು. ತಕ್ಕಡಿಯ ತಟ್ಟೆಗಳು ಸಮನಾದ ಮೇಲೆ ಮಾರುವಾಕೆಯು ತನ್ನ ರಾಶಿಯಿಂದ ಇನ್ನೊಂದು ಹಿಡಿ ಅವರೆಯನ್ನೋ ನಾಲ್ಕು ಮೆಣಸಿನಕಾಯಿಗಳನ್ನೋ ತೆಗೆದು ನಮ್ಮ ಚೀಲಕ್ಕೆ ಹಾಕುತ್ತಾಳೆ. ಅದು ಲೆಕ್ಕದೊಳಗೆ ಸೇರಿದುದಲ್ಲ. ಬಳಕೆಯ ಗುರುತು, ಮುಂದಿನ ವಾರವೂ ಬನ್ನಿರೆಂಬ ಕರೆ. ಪಾಶ್ಚಾತ್ಯ ಸಂಗೀತದ ಗೀತಸಂಪುಟಗಳು, ಎಂದರೆ ಆಲ್ಬಂಗಳು, ಜಪಾನಿನಂಥ ಕೆಲವು ದೇಶಗಳಲ್ಲಿ ಮಾತ್ರ ಒಂದೆರಡು ಹಾಡುಗಳನ್ನು ಹೆಚ್ಚಾಗಿ ಹೊತ್ತು ಬರುವುದನ್ನು ಕಂಡವರಿಗೆ ಇದೂ ಅಂಥ ಕೊಸರೇ ಇರಬೇಕೆಂದು ತೋರುವುದು ಸಹಜ. ವ್ಯಾಪಾರಿಗಳು ಅದಕ್ಕೆ ಇಟ್ಟ ಹೆಸರೂ ಬೋನಸ್ ಹಾಡು ಎಂದೇ ಅಲ್ಲವೆ? ಆದರೆ ಇದು ಕೊಸರಿನ ವೇಷ ತೊಟ್ಟ ಬೇಲಿಯೆಂಬುದು ನಮ್ಮ ಮತ. ಎಲ್ಲಿಯೋ ಜಪಾನಿನಲ್ಲಿ ಹಾಕಿದ ಬೇಲಿಗೂ ದಿಂಬಂ ಘಟ್ಟದ ಮೇಲೆ ಕನ್ನಡವನ್ನು ಕಲಿಸುವ, ಕಲಿಯುವ ನಮಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಮೊದಲು ಬೇಲಿಯನ್ನು ನೋಡೋಣ. ಬಳಿಕ ನಮ್ಮ ಹೊಲಕ್ಕೆ ಬರೋಣ.

ಪೂರ್ವಪಕ್ಷವು ಹೀಗಿದೆ: ಜಪಾನಿಯರು ಮಹಾ ರಸಿಕರು, ಆದುದರಿಂದ ಕಲಾವಿದರು ಅವರಿಗೆ ಪ್ರೀತಿಯಿಂದ ಒಂದು ಹಾಡನ್ನು ಹೆಚ್ಚಾಗಿ ಕೊಡುತ್ತಾರೆ. ಜಪಾನಿಯರ ರಸಿಕತೆಯಲ್ಲಿ ನಮಗೆ ಸಂಶಯವಿಲ್ಲ. ಧ್ವನಿಮುದ್ರಿತ ಸಂಗೀತವನ್ನು ಕೊಳ್ಳುವುದರಲ್ಲಿ ಲೋಕದಲ್ಲಿ ಅಮೆರಿಕೆಯ ನಂತರದ ಸ್ಥಾನವು ಆ ದೇಶದ್ದೇ. ಆದರೆ ಕೊಳ್ಳುವವರ ಪ್ರೀತಿಯೇ ಇದಕ್ಕೆ ಕಾರಣವಾಗಿದ್ದರೆ ಮೊದಲ ಸ್ಥಾನದಲ್ಲಿರುವ ಅಮೆರಿಕೆಯವನಿಗೆ ಎಲ್ಲರಿಗಿಂತ ಹೆಚ್ಚು ಹಾಡುಗಳು ದೊರೆಯಬೇಕಾಗಿದ್ದಿತು. ಹಾಗಾಗಲಿಲ್ಲ. ಪ್ರೀತಿಯ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ. ಬೆಲೆಯ ಲೆಕ್ಕ ತಾಳೆಯಾಗುತ್ತದೆ.

ಆ ಲೆಕ್ಕವನ್ನು ನೋಡಿರಿ. ಜಪಾನಿನಲ್ಲಿ 1947ರಲ್ಲಿ ಏಕಸ್ವಾಮ್ಯವನ್ನು ತಡೆಯುವ ಕಾನೂನೊಂದು ಜಾರಿಗೆ ಬಂದಿತು. 1953ರ ತಿದ್ದುಪಡಿಯು ಅದಕ್ಕೆ ಒಂದು ವಿನಾಯಿತಿಯನ್ನು ಕಲ್ಪಿಸಿತು. ಪುಸ್ತಕ, ಪತ್ರಿಕೆ, ಧ್ವನಿಮುದ್ರಿಕೆಗಳ ಚಿಲ್ಲರೆ ಬೆಲೆಯನ್ನು ಪ್ರಕಾಶಕನೇ ಗೊತ್ತುಮಾಡಬಹುದು. ಅಂಗಡಿಯವನು ಅದಕ್ಕಿಂತ ಕಡಿಮೆಗೆ ಮಾರುವಂತಿಲ್ಲ. ಮೂಲೆಯ ಪುಟ್ಟ ಅಂಗಡಿಯೂ ರಾಜಧಾನಿಯ ದೊಡ್ಡ ಮಳಿಗೆಯೂ ಒಂದೇ ಬೆಲೆಗೆ ಮಾರಬೇಕು. ಹೀಗೆ ಸಿ.ಡಿ.ಯ ಕಾಲದಲ್ಲಿ ಜಪಾನಿನಲ್ಲಿ ತಯಾರಾದ ಒಂದು ಆಲ್ಬಮಿನ ಬೆಲೆಯು ಸುಮಾರು 2,500 ಯೆನ್ನುಗಳಲ್ಲಿ ನಿಂತಿತು. ಆದರೆ ಹೊರದೇಶದಿಂದ ಆಮದಾದ ಮುದ್ರಿಕೆಗೆ ಈ ಕಟ್ಟು ಇರಲಿಲ್ಲ. ಅದೇ ಕಲಾವಿದನ ಅದೇ ಆಲ್ಬಂ ಅಮೆರಿಕೆಯಿಂದ ಬಂದು, ಟೋಕಿಯೋ ನಗರದ ಅದೇ ಅಂಗಡಿಯಲ್ಲಿ ಕಡಿಮೆ ಬೆಲೆಗೆ ದೊರೆಯತೊಡಗಿತು. ಎರಡರಲ್ಲಿ ಯಾವುದನ್ನು ಕೊಳ್ಳಬೇಕೆಂದು ನಮ್ಮ ಐದನೆಯ ತರಗತಿಯ ಹುಡುಗನೂ ಹೇಳಬಲ್ಲನು.

ಇಲ್ಲಿ ಯಂತ್ರದ ಗುಣವೂ ಸೇರಿಕೊಂಡಿತು. 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿಯೇ ಮೊದಲು ಮಾರಾಟಕ್ಕೆ ಬಂದ ಸಿ.ಡಿ.ಯು ಹಗುರವಾದ ವಸ್ತು, ಸಾಗಿಸುವುದು ಸುಲಭ. ಯಾವ ದೇಶದ ತಟ್ಟೆಯಾದರೂ ಯಾವ ದೇಶದ ಯಂತ್ರದಲ್ಲಾದರೂ ಹಾಡುವುದು. ಮುಂದೆ ಚಲನಚಿತ್ರಗಳ ಡಿ.ವಿ.ಡಿ.ಯು ಬಂದಾಗ ತಯಾರಕರು ಭೂಮಂಡಲವನ್ನೇ ಆರು ವಲಯಗಳಾಗಿ ಹಂಚಿ, ಒಂದು ವಲಯದ ತಟ್ಟೆಯು ಇನ್ನೊಂದರ ಯಂತ್ರದಲ್ಲಿ ನಡೆಯದಂತೆ ಬೀಗ ಹಾಕಿದರು. ಜಪಾನಿಗೆ 2ನೆಯ ವಲಯ, ಭಾರತಕ್ಕೆ 5ನೆಯದು. ಸಿ.ಡಿ.ಗೆ ಅಂಥ ಬೀಗವಿರಲಿಲ್ಲ. ಇದ್ದುದು ಸ್ಥಳ: ಹಳೆಯ ಎಲ್.ಪಿ. ತಟ್ಟೆಯ ಎರಡು ಬದಿಗಳೂ ಸೇರಿ ನಲವತ್ತು ನಲವತ್ತೈದು ನಿಮಿಷಗಳನ್ನು ಹಿಡಿಯುತ್ತಿದ್ದರೆ, ಸಿ.ಡಿ.ಯು ಎಪ್ಪತ್ತು ನಿಮಿಷಗಳನ್ನು ಮೀರಿ ಹಿಡಿಯುತ್ತಿದ್ದಿತು. ಆ ಖಾಲಿ ಜಾಗದಲ್ಲಿ ಜಪಾನಿನ ಕಂಪನಿಗಳು ಒಂದು ಹೆಚ್ಚಿನ ಹಾಡನ್ನು ತುಂಬಿದವು. ಧ್ವನಿಮುದ್ರಣದ ಸಮಯದಲ್ಲಿ ಉಳಿದ ಹಾಡು, ಸಭೆಯಲ್ಲಿ ಹಾಡಿದ ಇನ್ನೊಂದು ಪಾಠ, ಯಾವುದಾದರೂ ಸರಿ. ಅಗ್ಗದ ಆಮದಿನಲ್ಲಿ ಅದು ಇರಬಾರದು, ಅಷ್ಟೆ. ಬೀಗವಿಲ್ಲದ ತಟ್ಟೆಗೆ ಹಾಡೇ ಬೀಗವಾಯಿತು.

ಕೊಸರಿಗೂ ಇದಕ್ಕೂ ಇರುವ ವ್ಯತ್ಯಾಸವು ಇಲ್ಲಿ ಕಾಣುತ್ತದೆ. ಸಂತೆಯ ತಾಯಿಯು ನಮಗೆ ಹಾಕಿದ ಹಿಡಿ ಅವರೆಯನ್ನು ಪಕ್ಕದ ಅಂಗಡಿಯವಳೂ ತನ್ನ ಗಿರಾಕಿಗೆ ಹಾಕಿದರೆ ನಮ್ಮ ಅವರೆಯ ರುಚಿ ಕೆಡುವುದಿಲ್ಲ. ಬೋನಸ್ ಹಾಡಿನ ಗತಿ ಹಾಗಲ್ಲ. ಅಮೆರಿಕೆಯವನಿಗೂ ಭಾರತದವನಿಗೂ ಅದು ದೊರೆತ ದಿನವೇ ಅದರ ಕೆಲಸ ಕೆಟ್ಟಿತು. ಇನ್ನೊಬ್ಬನಿಗೆ ಇಲ್ಲದಿರುವುದರಿಂದಲೇ ಬೆಲೆಯನ್ನು ಪಡೆಯುವ ವಸ್ತುವನ್ನು ಕೊಸರೆಂದು ಕರೆಯುವುದು ಮಾತಿನ ಅಪಚಾರ.

ಇದು ಜಪಾನಿನೊಂದರ ಕಥೆಯೆಂದು ತಿಳಿಯಬಾರದು. ಇಂಗ್ಲೆಂಡಿನ ಬೀಟಲ್ಸ್ ತಂಡದ ರಿವಾಲ್ವರ್ ಎಂಬ ಆಲ್ಬಂ 1966ರಲ್ಲಿ ಹೊರಬಂದಾಗ ಇಂಗ್ಲೆಂಡಿನ ತಟ್ಟೆಯಲ್ಲಿ 14 ಹಾಡುಗಳಿದ್ದವು. ಅಮೆರಿಕೆಯ ತಟ್ಟೆಯಲ್ಲಿ 11. ಉಳಿದ ಮೂರನ್ನು ಅಲ್ಲಿಯ ಕಂಪನಿಯು ಮೊದಲೇ ಬೇರೊಂದು ಆಲ್ಬಮಿಗೆ ಸೇರಿಸಿ ಮಾರಿಬಿಟ್ಟಿದ್ದಿತು. ಒಂದು ಕಡೆ ಕೂಡಿಸುವುದು, ಇನ್ನೊಂದು ಕಡೆ ಕಳೆಯುವುದು. ಗಣಿತದಲ್ಲಿ ಇವೆರಡೂ ಬೇರೆ, ವ್ಯಾಪಾರದಲ್ಲಿ ಒಂದೇ. ಮುಂದಿನ ವರ್ಷದ ಸಾರ್ಜೆಂಟ್ ಪೆಪ್ಪರ್ ಆಲ್ಬಮಿನಲ್ಲಿ ಎರಡು ದೇಶಗಳಿಗೂ ಒಂದೇ ಹಾಡುಗಳ ಪಟ್ಟಿಯು ದೊರೆಯಿತು. ಅದರಿಂದ ಯಾವ ಕಂಪನಿಯೂ ಮುಳುಗಲಿಲ್ಲವೆಂಬುದನ್ನು ಗಮನಿಸಬೇಕು.

ಸಂಗೀತದ ವಿಷಯವು ದೂರದ್ದೆನಿಸಿದ ಅಧ್ಯಾಪಕರು ತಮ್ಮ ಮೇಜಿನ ಮೇಲಿರುವ ಇಂಗ್ಲಿಷ್ ವಿಜ್ಞಾನಗ್ರಂಥದ ಹಿಂಬದಿಯನ್ನು ತಿರುವಿ ನೋಡಲಿ. ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ ಎಂಬ ಅರ್ಥದ ಸಾಲು ಎಷ್ಟೋ ಪುಸ್ತಕಗಳ ಮೇಲುಂಟು. ಥಾಯ್ಲೆಂಡಿನಿಂದ ಅಮೆರಿಕೆಗೆ ಓದಲು ಹೋದ ಸುಪಾಪ್ ಕಿರ್ಟ್‌ಸೇಂಗ್ ಎಂಬ ವಿದ್ಯಾರ್ಥಿಯು ತನ್ನ ದೇಶದಲ್ಲಿ ಅಗ್ಗವಾಗಿ ದೊರೆಯುತ್ತಿದ್ದ ಅದೇ ಪಠ್ಯಪುಸ್ತಕಗಳನ್ನು ಬಂಧುಗಳಿಂದ ತರಿಸಿ ಅಮೆರಿಕೆಯಲ್ಲಿ ಮಾರಿದನು. ಜಾನ್ ವೈಲಿ ಪ್ರಕಾಶನ ಸಂಸ್ಥೆಯು ದಾವೆ ಹೂಡಿತು. 2013ರ ಮಾರ್ಚಿಯಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವು ಆರು ಮಂದಿ ನ್ಯಾಯಾಧೀಶರ ಬಹುಮತದಿಂದ ವಿದ್ಯಾರ್ಥಿಯ ಪರವಾಗಿ ತೀರ್ಪಿತ್ತಿತು: ನ್ಯಾಯವಾಗಿ ಅಚ್ಚಾದ ಪ್ರತಿಯನ್ನು ನ್ಯಾಯವಾಗಿ ಕೊಂಡವನು, ಅದು ಯಾವ ದೇಶದಲ್ಲಿ ಅಚ್ಚಾಗಿದ್ದರೂ, ಮರಳಿ ಮಾರಬಹುದು. ಕಾನೂನಿನ ಬೇಲಿ ಹೀಗೆ ಸಡಿಲವಾದಾಗ ಕೃತಿಯೊಳಗೇ ಬೇಲಿ ಹಾಕುವ ಆಸೆ ಹುಟ್ಟುತ್ತದೆ. ಒಂದೇ ಗ್ರಂಥದ ಎರಡು ದೇಶಗಳ ಆವೃತ್ತಿಗಳಲ್ಲಿ ಅಭ್ಯಾಸದ ಪ್ರಶ್ನೆಗಳು ಹಿಂದುಮುಂದಾಗಿರುವುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಸತ್ಯವು ಎರಡು ಕಡೆಯೂ ಒಂದೇ. ಪ್ರಶ್ನೆಯ ಸಂಖ್ಯೆ ಮಾತ್ರ ಬೇರೆ! ಬೋನಸ್ ಹಾಡಿಗೆ ಇದು ಒಡಹುಟ್ಟಿದ ತಮ್ಮನೆಂದೇ ನಾವು ಹೇಳುತ್ತೇವೆ.

ಇನ್ನು ಆಕ್ಷೇಪವೊಂದಕ್ಕೆ ಉತ್ತರ ಹೇಳಬೇಕು. ಆಯಾ ದೇಶದ ಕಂಪನಿಯು ಬದುಕಬೇಡವೆ? ಬೆಲೆಯ ಕಟ್ಟಿಲ್ಲದಿದ್ದರೆ ಸಣ್ಣ ಅಂಗಡಿಗಳು ಮುಚ್ಚಿಹೋಗುವುದಿಲ್ಲವೆ? ಈ ಆಕ್ಷೇಪವು ಹುರುಳಿಲ್ಲದ್ದಲ್ಲ. ನಾಲ್ಕು ಪುಸ್ತಕದಂಗಡಿಗಳು ಉಳಿಯಲೆಂದು ನಾಡೊಂದು ಕಾನೂನು ಮಾಡಿದರೆ ನಾವು ಅದನ್ನು ಹಳಿಯುವುದಿಲ್ಲ. ಬಡ ದೇಶದಲ್ಲಿ ಅಗ್ಗದ ಬೆಲೆ, ಸಿರಿವಂತ ದೇಶದಲ್ಲಿ ಹೆಚ್ಚಿನ ಬೆಲೆ ಎಂಬ ಏರ್ಪಾಡನ್ನೂ ನಾವು ಒಪ್ಪುತ್ತೇವೆ. ಅದರಿಂದಲೇ ನಮ್ಮ ವಿದ್ಯಾರ್ಥಿಗಳಿಗೆ ಗ್ರಂಥಗಳು ಕೈಗೆಟುಕಿವೆ. ಆದರೆ ಅದೇ ಜಪಾನಿನ ಆಲ್ಬಮಿನೊಳಗೆ ಇನ್ನೊಂದು ವಸ್ತುವೂ ಇರುತ್ತದೆ: ಹಾಡುಗಳ ಸಾಹಿತ್ಯ, ಅದರ ಜಪಾನೀ ಅನುವಾದ, ಬಲ್ಲವರು ಬರೆದ ಪರಿಚಯಲೇಖನ. ಆ ಪುಸ್ತಿಕೆಯೇ ನಿಜವಾದ ಕೊಸರು. ಅಲ್ಲಿಯವರು ಅಲ್ಲಿಯ ಓದುಗನಿಗಾಗಿ ದುಡಿದು ಸೇರಿಸಿದ ವಸ್ತು ಅದು; ಅದರಿಂದ ಹೊರಗಿನವನಿಗೆ ಒಂದು ಎಳ್ಳಿನಷ್ಟೂ ಕಡಿಮೆಯಾಗಲಿಲ್ಲ. ದುಡಿಮೆಯಿಂದ ಹೆಚ್ಚಿಸಿದವನು ಹೆಚ್ಚಿನ ಬೆಲೆಯನ್ನು ಕೇಳಲಿ, ಕೊಡೋಣ. ತಡೆಹಿಡಿದು ಹೆಚ್ಚಿಸಿದೆನೆನ್ನುವವನಿಗೆ ಏತಕ್ಕೆ ಕೊಡಬೇಕು? ಬೆಲೆಯಲ್ಲಿ ಭೇದವಿರಲಿ, ಕೃತಿಯಲ್ಲಿ ಭೇದ ಬೇಡ.

ಈಗ ನಮ್ಮ ಹೊಲಕ್ಕೆ ಬರೋಣ. ಬೇಲಿಯ ಸಂಗತಿಯನ್ನು ದಿಂಬಂನವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಬಣ್ಣಾರಿಯಿಂದ 27 ತಿರುವುಗಳನ್ನು ಹತ್ತಿ ಬರುವ ನಮ್ಮ ರಸ್ತೆಯ ಎರಡು ತುದಿಗಳಲ್ಲಿಯೂ ತಪಾಸಣೆಯ ಠಾಣೆಗಳುಂಟು. ಮದರಾಸಿನ ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2022ರ ಫೆಬ್ರವರಿ 10ರಿಂದ ರಾತ್ರಿಯ ವಾಹನಸಂಚಾರಕ್ಕೆ ನಿರ್ಬಂಧವೂ ಬಂದಿತು. ಅದರಿಂದ ಜನರಿಗೆ ಆದ ತೊಂದರೆ ಸಣ್ಣದಲ್ಲ. ಆದರೂ ಒಂದು ಮಾತನ್ನು ಒಪ್ಪಬೇಕು: ಕಾಡಿನ ಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯಬಾರದೆಂಬ ಕಾರಣವನ್ನು ಬಹಿರಂಗವಾಗಿ ಹೇಳಿಯೇ ಆ ಬೇಲಿಯನ್ನು ಹಾಕಿದರು. ಅದನ್ನು ಯಾರೂ ಉಡುಗೊರೆಯೆಂದು ಕರೆಯಲಿಲ್ಲ.

ಅದಕ್ಕಿಂತ ಹಳೆಯದಾದ ಬೇಲಿಯೊಂದುಂಟು. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯಲ್ಲಿದ್ದ ತಾಳವಾಡಿಯ ಸೀಮೆಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಮಲೆಯ ಮಹದೇಶ್ವರನು ಒಂದು ರಾಜ್ಯದಲ್ಲಿ, ಅವನ ಒಕ್ಕಲಿನಲ್ಲಿ ಹಲವರು ಇನ್ನೊಂದು ರಾಜ್ಯದಲ್ಲಿ! ಆದರೆ ಮಹದೇಶ್ವರನ ಹಾಡಿಗೆ ಎರಡು ಆವೃತ್ತಿಗಳಾದವೆ? ಕಂಸಾಳೆಯವರು ಆ ಮಹಾಕಾವ್ಯವನ್ನು ಸಾಲುಸಾಲಾಗಿ ಹಾಡುವಾಗ ಕೇಳುವವರ ಉತ್ಸಾಹವನ್ನು ಕಂಡು ಒಂದು ಕಥೆಯನ್ನು ಬೆಳೆಸುತ್ತಾರೆ, ಇನ್ನೊಂದನ್ನು ಕುಗ್ಗಿಸುತ್ತಾರೆ. ಒಂದೂರಿನಲ್ಲಿ ಹೆಚ್ಚಾಗಿ ಬಂದ ಹತ್ತು ನುಡಿಗಳನ್ನು ನಾಳೆ ಮತ್ತೊಂದೂರಿನಲ್ಲಿ ಹಾಡಬಾರದೆಂದು ಕಟ್ಟಳೆಯಿಲ್ಲ. ಕೇಳುವವನ ಪ್ರೀತಿಯಿಂದ ಹಾಡು ಹೆಚ್ಚುವುದೆಂದರೆ ಇದು.

ತಾಳವಾಡಿಯ ಗಾಜನೂರಿನ ಡಾ. ರಾಜ್‌ಕುಮಾರರನ್ನು ನೆನೆಯಿರಿ. ಕನ್ನಡ ಚಲನಚಿತ್ರಗಳ ಕೆಲಸವು ಬಹುಕಾಲ ನಡೆದುದು ಮದರಾಸಿನಲ್ಲಿ. ಜೀವನ ಚೈತ್ರ ಚಿತ್ರದ ಗಾಯನಕ್ಕಾಗಿ 1992ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದ ಆ ಕಂಠವು ಹುಟ್ಟಿಬೆಳೆದ ಸೀಮೆ ಗಡಿಯ ಈಚೆಗಿನದು. ಅದನ್ನು ಮನೆಮನೆಯಲ್ಲಿ ತುಂಬಿಕೊಂಡವರಲ್ಲಿ ಹೆಚ್ಚಿನವರು ಗಡಿಯ ಆಚೆಯವರು. ಆ ಹಾಡುಗಳನ್ನು ಗಡಿಯ ಲೆಕ್ಕದಿಂದ ಹಂಚಿದ್ದರೆ ಯಾವುದು ಯಾರ ಪಾಲಿನ ಬೋನಸ್ ಆಗುತ್ತಿದ್ದಿತು?

ನಮ್ಮ ಕಳಕಳಿಯು ಇಲ್ಲಿದೆ. ಗಡಿಯ ಕನ್ನಡಿಗರಾದ ನಮಗೆ ಕೊಸರಿನ ಮರ್ಯಾದೆ ಬೇಕಾದಷ್ಟು ದೊರೆತಿದೆ. ನವೆಂಬರಿನಲ್ಲಿ ಒಂದು ಭಾಷಣ, ಒಂದು ಶಾಲು, ಹೊರನಾಡಿನ ಸೋದರರೆಂಬ ಒಂದು ಸಿಹಿಮಾತು. ನಾವು ಕೃತಘ್ನರಲ್ಲ. ಆದರೆ ಕೊಸರು ಶೋಭಿಸುವುದು ಅಳತೆಯು ಪೂರ್ತಿಯಾದ ಮೇಲೆ. ಚಾಮರಾಜನಗರದ ಹುಡುಗಿಯ ಕೈಗೆ ಬರುವ ನಿಘಂಟು, ಮಕ್ಕಳ ಕಥೆಯ ಪುಸ್ತಕ, ವಿಜ್ಞಾನದ ಪುಸ್ತಕ, ಅದೇ ವರ್ಷ, ಅಷ್ಟೇ ಪುಟಗಳೊಡನೆ ದಿಂಬಂನ ಹುಡುಗಿಯ ಕೈಗೂ ಬರಬೇಕು. ನಮಗೆಂದು ಬೇರೆ ಹಾಡು ಬೇಡ. ಎಲ್ಲರ ಹಾಡು ಪೂರ್ತಿಯಾಗಿ ಬೇಕು. ಗಡಿಯ ವಿದ್ಯಾರ್ಥಿಯನ್ನು ಬೇರೊಂದು ಮಾರುಕಟ್ಟೆಯೆಂದು ಎಣಿಸುವವರು, ಅವರು ಕನ್ನಡದ ಹೆಸರನ್ನೇ ಹೇಳಿಕೊಂಡು ಬಂದರೂ, ಆ ಬೋನಸ್ ವ್ಯಾಪಾರಿಯ ಸಾಲಿನಲ್ಲಿಯೇ ನಿಲ್ಲುತ್ತಾರೆ.

ತಟ್ಟೆಗಳ ಕಾಲ ಮುಗಿಯುತ್ತ ಬಂದಿತು, ಈ ಜಗಳ ಏತಕ್ಕೆಂದು ಕೆಲವರು ಹೇಳಬಹುದು. ಇಂದು ಹಾಡು ಫೋನಿನಲ್ಲಿ ಹರಿದುಬರುತ್ತದೆ, ನಿಜ. ಆದರೆ ಅಲ್ಲಿಯೂ ಒಂದು ದೇಶದಲ್ಲಿ ಕೇಳಿಸುವ ಹಾಡು ಇನ್ನೊಂದರಲ್ಲಿ ಮಂಕಾಗಿ ಕುಳಿತಿರುತ್ತದೆ. ಹಕ್ಕನ್ನು ದೇಶದೇಶವಾಗಿ ಹಂಚಿ ಮಾರುವ ಪದ್ಧತಿಯು ಹಾಗೆಯೇ ಉಳಿದಿದೆ. ಬೇಲಿಯ ಮುಳ್ಳು ಕಾಣದಂತಾಯಿತೇ ಹೊರತು ಬೇಲಿ ಹೋಗಲಿಲ್ಲ.

ಆದುದರಿಂದ ಅಧ್ಯಾಪಕರಲ್ಲಿ ನಮ್ಮ ಬಿನ್ನಹವಿಷ್ಟು. ಯಾವುದಾದರೂ ಹೆಚ್ಚಿನದು ದೊರೆತಾಗ ಅದರಿಂದ ಬೇರೆಯವರಿಗೆ ಏನಾದರೂ ಇಲ್ಲವಾಯಿತೆ ಎಂದು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿರಿ. ನಮ್ಮ ಈ ಬಡ ಪತ್ರಿಕೆಯಿಂದಲೇ ತೊಡಗೋಣ. ಇದಕ್ಕೆ ಒಂದೇ ಸ್ಟೆನ್ಸಿಲ್; ಉರುಳೆಯ ಕೆಳಗಿಂದ ಬಂದ ಪ್ರತಿಯೊಂದು ಹಾಳೆಯಲ್ಲಿಯೂ ಅಷ್ಟೇ ಸಾಲುಗಳು. ಮಸಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಹತ್ತಿರಬಹುದು. ಘಟ್ಟದ ಮೇಲಿನವರಿಗೆ ಒಂದು ಪುಟ, ಕೆಳಗಿನವರಿಗೆ ಮತ್ತೊಂದು ಪುಟವೆಂದು ನಾವು ಎಂದೂ ಅಚ್ಚುಹಾಕುವುದಿಲ್ಲ.