ಎಲ್ಲ ಅಲಾಯ್ ಒಂದೇ ಅಲ್ಲ

ಬುಲೆಟ್‌ ಓಡಿಸುವವರು ಸ್ಪೋಕ್ ಚಕ್ರ ತೆಗೆಸಿ ಅಲಾಯ್ ಹಾಕಿಸುವಾಗ ಡಿಸೈನ್ ಒಪ್ಪಿದರೆ ಸಾಕು, ಎರಕವೆಲ್ಲ ಒಂದೇ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಇದು ಅಪಾಯದ ಸಲಹೆ.

ಅಲಾಯ್ ಬೇಡವೆಂದು ನಾನು ಹೇಳುತ್ತಿಲ್ಲ. ಸ್ಪೋಕ್ ಚಕ್ರದೊಳಗಿನ ಟ್ಯೂಬ್ ಒಡೆದರೆ ಗಾಳಿ ಒಮ್ಮೆಲೇ ಹೋಗಿ ಗಾಡಿ ಹಿಡಿತ ತಪ್ಪುತ್ತದೆ. ಅಲಾಯ್‌ಗೆ ಹಾಕುವ ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೂ ಗಾಳಿ ಸಾಮಾನ್ಯವಾಗಿ ನಿಧಾನವಾಗಿಯೇ ಇಳಿಯುತ್ತದೆ. ಆದರೆ ಹೊಂಡಕ್ಕೆ ಬಿದ್ದಾಗ ಸ್ಪೋಕ್ ರಿಮ್ ಬಾಗಬಹುದು, ಕಳಪೆ ಎರಕ ಸೀಳಿಯೇ ಹೋಗುತ್ತದೆ. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಚಕ್ರವನ್ನು ಮಗುಚಿ, ಕಡ್ಡಿಗಳು ಹಬ್ಬಿಗೆ ಸೇರುವ ಮೂಲೆಗಳಲ್ಲಿ ಬೆರಳಾಡಿಸಿ. ಸೂಜಿಮೊನೆಯಷ್ಟು ತೂತುಗಳು ಸಿಕ್ಕರೆ ಅಲ್ಲೇ ಬಿಟ್ಟು ಬನ್ನಿ. ಬೇರಿಂಗ್ ಕೂರುವ ಜಾಗ ನುಣುಪಾಗಿ ಕಡೆದಿರಬೇಕು. ಐಎಸ್ 16192 ಮಾನಕದ ಐಎಸ್‌ಐ ಗುರುತು ಎಲ್ಲಿದೆ ಎಂದು ಕೇಳಿ. ಮಾಲೀಕರು ಮಾತು ಹಾರಿಸಿದರೆ ನಿಮಗೆ ಉತ್ತರ ಸಿಕ್ಕಿತು.

ಅಳತೆಯ ಬಗ್ಗೆ ಆ ಲೇಖನದಲ್ಲಿ ಒಂದಕ್ಷರವಿಲ್ಲ! 2021ರಲ್ಲಿ ಬಂದ ಹೊಸ ಕ್ಲಾಸಿಕ್ 350ಕ್ಕೆ ಮುಂದೆ 19, ಹಿಂದೆ 18 ಇಂಚು. ಅಂದಕ್ಕೆಂದು 17 ಇಂಚಿಗೆ ಇಳಿಸಿದರೆ ಗಾಡಿ ನೆಲಕ್ಕೆ ಹತ್ತಿರವಾಗುತ್ತದೆ, ನಮ್ಮ ರಸ್ತೆ ಉಬ್ಬುಗಳು ಹೊಟ್ಟೆಗೆ ಉಜ್ಜುತ್ತವೆ. ಎಬಿಎಸ್ ಸೆನ್ಸರ್ ಓದುವ ಹಲ್ಲಿನ ರಿಂಗ್ ಹೊಸ ಹಬ್ಬಿನ ಮೇಲೆ ನೆಟ್ಟಗೆ ಕೂರದಿದ್ದರೆ ಎಚ್ಚರಿಕೆಯ ದೀಪ ಆರುವುದಿಲ್ಲ. ಎಬಿಎಸ್ ಕೆಲಸ ಮಾಡದೆ, ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಬಹುದು.

ಕಂಪನಿಯೇ ಕ್ಲಾಸಿಕ್ 350ಕ್ಕೆ ಅಲಾಯ್ ಕೊಡುತ್ತಿರುವಾಗ, ನಾಲ್ಕು ಕಾಸು ಉಳಿಸಲು ಹೆಸರಿಲ್ಲದ ಚಕ್ರ ಕೊಳ್ಳಿರೆಂಬ ಮಾತನ್ನು ಲೇಖಕರು ಹಿಂಪಡೆಯಲಿ.