ಅಪಘಾತದ ಗಾಯಾಳು ಮತ್ತು ವೈದ್ಯರ ದರ



ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಆಸ್ಪತ್ರೆಯ ದರದ ಮಾತೇಕೆ ಎಂದು ತಾವು ಕೇಳಬಹುದು. ಕಾರಣ ನಮ್ಮ ತೋಟದ ಲೈನಿನಲ್ಲೇ ಇದೆ. ಹಲವು ವರ್ಷಗಳಿಂದ ಕೊಯ್ಲಿಗೆ ನಮ್ಮಲ್ಲಿಗೆ ಬರುತ್ತಿದ್ದ ಆಳಂದದ ಕಡೆಯ ಆಳೊಬ್ಬ ದೀಪಾವಳಿಗೆ ಊರಿಗೆ ಹೋದವನು ಬೈಕಿನಲ್ಲಿ ಬರುವಾಗ ಗೂಡ್ಸ್ ವಾಹನವೊಂದು ಗುದ್ದಿ ತೊಡೆಯ ಮೂಳೆ ಮುರಿದುಕೊಂಡ. ಮೊದಲು ಒಯ್ದ ಖಾಸಗಿ ಆಸ್ಪತ್ರೆಯಲ್ಲಿ, "ಸ್ಕೀಮಿನ ದರ ನಮಗೆ ಗಿಟ್ಟುವುದಿಲ್ಲ. ಮುಂಗಡ ಕಟ್ಟಿ, ಇಲ್ಲವೇ ಕಲಬುರಗಿಗೋ ಸೋಲಾಪುರಕ್ಕೋ ಒಯ್ಯಿರಿ" ಎಂದರಂತೆ. ನಡುರಾತ್ರಿ ನಮಗೆ ಫೋನು ಬಂತು. ಕೈಲಿದ್ದಷ್ಟು ಕಳಿಸಿದೆವು, ಮಿಕ್ಕದ್ದನ್ನು ಅವರು ಬಡ್ಡಿಗೆ ತಂದರು. ಕಾಲು ಉಳಿಯಿತು. ಆದರೆ ಆತ ಇನ್ನು ಮೆಣಸಿನ ಏಣಿ ಹತ್ತಲಾರ, ಸಾಲವಂತೂ ಹಾಗೇ ಇದೆ.

ಕಾನೂನು ಏನು ಹೇಳುತ್ತದೆ ನೋಡೋಣ. ಅಪಘಾತದ ಕೇಸೆಂದು ಯಾವ ವೈದ್ಯರೂ ಚಿಕಿತ್ಸೆಗೆ ಹಿಂಜರಿಯಕೂಡದು ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ 2016ರ ಮಾರ್ಚಿನಲ್ಲಿ ಹರೀಶ್ ಸಾಂತ್ವನ ಯೋಜನೆ ಬಂದು, ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಸರ್ಕಾರ ವಹಿಸಿಕೊಂಡಿತು. ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದೆಂದು 2017ರಲ್ಲಿ ಖಾಸಗಿ ಆಸ್ಪತ್ರೆಗಳ ಕಾಯಿದೆಗೆ ತಿದ್ದುಪಡಿಯಾಯಿತು. ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ತಮಗೆ ನೆನಪಿರಬಹುದು. ಆಗಲೂ ದರ ನಿಗದಿಯೇ ದೊಡ್ಡ ತಕರಾರಾಗಿತ್ತು.

ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ 162ನೇ ಕಲಮಿನ ಪ್ರಕಾರ ನಗದುರಹಿತ ಚಿಕಿತ್ಸೆಯ ಯೋಜನೆ ಬರಬೇಕಿತ್ತು. ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಗಡುವು ಕೊಟ್ಟ ಮೇಲೆ ಅದೇ ವರ್ಷ ಮೇ 5ರಂದು ಅಧಿಸೂಚನೆ ಹೊರಟಿತು. ದೇಶದ ಯಾವುದೇ ರಸ್ತೆಯಲ್ಲಿ ಮೋಟಾರು ವಾಹನದಿಂದ ಗಾಯಗೊಂಡವರಿಗೆ ಅಪಘಾತದ ದಿನದಿಂದ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ. ಗುದ್ದಿದ ವಾಹನಕ್ಕೆ ವಿಮೆ ಇದ್ದರೆ ವಿಮಾ ಕಂಪನಿಗಳ ವಂತಿಗೆಯಿಂದ ಹಣ ಬರುತ್ತದೆ. ವಿಮೆ ಇಲ್ಲದಿದ್ದರೆ, ಗುದ್ದಿ ಓಡಿಹೋಗಿದ್ದರೆ, ಕೇಂದ್ರ ಸರ್ಕಾರ ಭರಿಸುತ್ತದೆ. ಇದು ಒಳ್ಳೆಯ ಕೆಲಸ. ಆಳಂದ, ಅಫಜಲಪುರದವರಿಗೆ ಸೋಲಾಪುರ ಹತ್ತಿರ. ರಾಜ್ಯದ ಗಡಿ ಇದಕ್ಕೆ ಅಡ್ಡಬರುವುದಿಲ್ಲ.

ತೊಡಕಿರುವುದು ದರದಲ್ಲಿ. ಆಸ್ಪತ್ರೆಗೆ ಸಂದಾಯವಾಗುವುದು ಆಯುಷ್ಮಾನ್ ಭಾರತದ ಪ್ಯಾಕೇಜ್ ದರದಂತೆ. ನಡುರಾತ್ರಿ ತಾಲ್ಲೂಕು ಊರಿನಲ್ಲಿ ಮೂಳೆ ವೈದ್ಯರನ್ನೂ ಅರಿವಳಿಕೆ ವೈದ್ಯರನ್ನೂ ಕರೆಸಿ, ರಕ್ತ ಹೊಂದಿಸಿ, ರಾಡು ಹಾಕುವ ಖರ್ಚು, ದಿನ ಗೊತ್ತುಮಾಡಿ ಹಗಲಿನಲ್ಲಿ ಮಾಡುವ ಆಪರೇಷನ್ನಿನ ಖರ್ಚಿಗೆ ಸಮನಲ್ಲ. ತಲೆಗೆ ಪೆಟ್ಟಾದವನಿಗೆ ಏಳು ದಿನವೂ ಸಾಲದು. ಆದ್ದರಿಂದ ಸಣ್ಣ ಆಸ್ಪತ್ರೆ ಬ್ಯಾಂಡೇಜು ಸುತ್ತಿ ಮುಂದಕ್ಕೆ ಕಳಿಸುತ್ತದೆ. ಜೇವರ್ಗಿಯಿಂದಲೂ ಆಳಂದದಿಂದಲೂ ಕಲಬುರಗಿ ಸುಮಾರು 40 ಕಿಲೋಮೀಟರು, ಅಫಜಲಪುರದಿಂದ ಇನ್ನೂ ದೂರ. ಕಾಯಿದೆ ಹೇಳುವ ಅಮೂಲ್ಯವಾದ ಮೊದಲ ಒಂದು ಗಂಟೆ ರಸ್ತೆಯಲ್ಲೇ ಕಳೆದುಹೋಗುತ್ತದೆ.

ವೈದ್ಯರನ್ನು ಬೈದು ಪ್ರಯೋಜನವಿಲ್ಲ. ಬೇರೆಲ್ಲೋ ಕುಳಿತು ಕಟ್ಟಿದ ದರ ಎಂದರೇನೆಂದು ನಮಗಿಂತ ಚೆನ್ನಾಗಿ ಬಲ್ಲವರಾರು? ಕಾಫಿ ಬೋರ್ಡಿನ ಪೂಲಿನ ಕಾಲದಲ್ಲಿ ನಮ್ಮ ತಂದೆಯವರು ಕಾಫಿ ಹಾಕಿ, ಪಾಯಿಂಟಿನ ಹಣ ಕಂತುಕಂತಾಗಿ ಬರುವುದನ್ನು ಕಾಯುತ್ತಿದ್ದರು. ದರ ಕಡಮೆಯಾದದ್ದಕ್ಕಿಂತ ಹಣ ತಡವಾದದ್ದೇ ಹೆಚ್ಚು ಹಿಂಡುತ್ತಿತ್ತು. ಹೊಸ ಯೋಜನೆಯಲ್ಲಿ, ಒಪ್ಪಿದ ಬಿಲ್ಲಿನ ಹಣ ಹತ್ತು ದಿನದಲ್ಲಿ ಸಲ್ಲಬೇಕೆಂದಿದೆ. ಈ ಮಾತು ತಪ್ಪದೆ ನಡೆದರೆ ಅರ್ಧ ಜಗಳ ತೀರುತ್ತದೆ.

ದರವನ್ನು ಬಹಳ ಇಳಿಸಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯ ನಿದರ್ಶನ. ಅಲ್ಲಿ ವಿಮಾ ಕಂತು ತಗ್ಗಿಸಲೆಂದು 2019ರಲ್ಲಿ ಕಾನೂನು ತಿದ್ದಿ, ಸರ್ಕಾರಿ ವಿಮೆಯಲ್ಲಿ ದರ ಗೊತ್ತಿಲ್ಲದ ಸೇವೆಗಳಿಗೆ 2021ರ ಜುಲೈಯಿಂದ ಹಳೆಯ ದರದ ಶೇಕಡ 55ರಷ್ಟೇ ಎಂದರು. ಮನೆಗೇ ಹೋಗಿ ಗಾಯಾಳುಗಳ ಆರೈಕೆ ಮಾಡುತ್ತಿದ್ದ ಹಲವು ಸಂಸ್ಥೆಗಳು ಬಾಗಿಲು ಹಾಕಿದವು. ತಿದ್ದುಪಡಿಗೆ ಮುಂಚೆ ಗಾಯಗೊಂಡವರಿಗೆ ಈ ಮಿತಿ ಸಲ್ಲದೆಂದು ಅಲ್ಲಿನ ಸುಪ್ರೀಂ ಕೋರ್ಟು 2023ರಲ್ಲಿ ತೀರ್ಪಿತ್ತಿತು. ಹಾಗೆಂದು ಆಸ್ಪತ್ರೆ ಬರೆದದ್ದೇ ಬಿಲ್ಲು ಎಂದು ಬಿಟ್ಟರೆ ವಿಮಾ ಕಂತು ಏರಿ ನಮ್ಮ ತಲೆಯ ಮೇಲೇ ಬೀಳುತ್ತದೆ. ದರ ಕಟ್ಟಲೇಬೇಕು, ಆದರೆ ಖರ್ಚು ನೋಡಿ ಕಟ್ಟಬೇಕು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಅಪಘಾತದ ತುರ್ತು ಚಿಕಿತ್ಸೆಗೆ, ಅದರಲ್ಲೂ ರಾತ್ರಿಯ ಮತ್ತು ತಾಲ್ಲೂಕು ಊರಿನ ಚಿಕಿತ್ಸೆಗೆ, ಪ್ರತ್ಯೇಕ ದರವಿರಬೇಕು. ಅದನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಆಳಂದ, ಅಫಜಲಪುರ, ಜೇವರ್ಗಿಯಂಥ ಪ್ರತಿ ತಾಲ್ಲೂಕಿನಲ್ಲೂ ಈ ಯೋಜನೆಗೆ ಒಪ್ಪಿದ ಆಸ್ಪತ್ರೆಯ ಹೆಸರು ಪೊಲೀಸ್ ಠಾಣೆ, ಬಸ್ ನಿಲ್ದಾಣಗಳಲ್ಲಿ ಕನ್ನಡದಲ್ಲಿ ಬರೆದಿರಬೇಕು. ಇಷ್ಟೆಲ್ಲ ಆದ ಮೇಲೂ ಮುಂಗಡ ಕೇಳಿದ ಆಸ್ಪತ್ರೆಗೆ ದಂಡ ಬೀಳಬೇಕು.

ಕೊನೆಯದಾಗಿ ನಮ್ಮ ಕರ್ತವ್ಯ. ಪಿಕಪ್ಪಿನ ಹಿಂದೆ ಆಳುಗಳನ್ನು ತುಂಬಿಕೊಂಡು ಹೋಗುವುದು ನಮ್ಮಲ್ಲಿ ರೂಢಿಯಾಗಿದೆ. ಸರಕು ವಾಹನದಲ್ಲಿ ಪುಕ್ಕಟೆ ಹತ್ತಿಸಿಕೊಂಡವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಅಂಥ ಅಪಘಾತವಾದರೆ ಪರಿಹಾರ ತೋಟ ಮಾರಿಯೇ ಕೊಡಬೇಕಾದೀತು. ಈ ಕೊಯ್ಲಿಗೆ ಮೊದಲು ಸದಸ್ಯರು ತಮ್ಮ ಜೀಪು, ಪಿಕಪ್ಪು, ಟ್ರ್ಯಾಕ್ಟರುಗಳ ವಿಮೆಯ ಕಾಗದವನ್ನು ಸಂಘದ ಕಚೇರಿಗೆ ತಂದು ತೋರಿಸಿ. ತೀರಿದ್ದರೆ ಅಂದೇ ಹೊಸದು ಮಾಡಿಸೋಣ. ನೂರಾರು ಮೈಲಿ ದೂರದಿಂದ ನಮ್ಮನ್ನು ನಂಬಿ ಬರುವವರು ಮನೆಗೆ ಸುಖವಾಗಿ ಮರಳಬೇಕು. ಅವರ ಗಂಟಿನಲ್ಲಿ ಕೂಲಿಯ ಹಣವಿರಬೇಕೇ ಹೊರತು ಆಸ್ಪತ್ರೆಯ ಬಿಲ್ಲಲ್ಲ.

— ಕಾರ್ಯದರ್ಶಿ