ಶಾಫ್ಟು ಬದಲಿಸಿದ ಮೇಲೆ

ಪುಣೆಯ ವಿಮಾನ ನಗರದಲ್ಲಿ ಹಳೆಯ ವಾಹನ ಇಟ್ಟುಕೊಳ್ಳುವುದು ಸ್ವಲ್ಪ ಮುಜುಗರದ ಸಂಗತಿ. ಫೀನಿಕ್ಸ್ ಮಾಲಿನ ಆಸುಪಾಸಿನಲ್ಲಿ ನಿಲ್ಲುವ ಕಾರುಗಳ ನಡುವೆ ನಮ್ಮ 2004ರ ಸುಮೊ, ಮದುವೆಮನೆಗೆ ಕಂಬಳಿ ಹೊದ್ದು ಬಂದ ಅಜ್ಜನಂತೆ ಕಾಣುತ್ತದೆ. ಆದರೂ ಅದನ್ನು ನಾವು ಮಾರಿಲ್ಲ. ಸಿದ್ದಾಪುರದ ಕಡೆಯ ನಮ್ಮ ಮನೆಗೆ ಹೋಗುವ ಕೊನೆಯ ಒಂದೂವರೆ ಕಿಲೋಮೀಟರಿನ ಕೆಮ್ಮಣ್ಣಿನ ಏರನ್ನು ಮಳೆಗಾಲದಲ್ಲಿ ಹತ್ತಬೇಕಾದರೆ ನಾಲ್ಕೂ ಚಕ್ರಗಳಿಗೆ ಬಲ ಸಿಗಬೇಕು. ಅಮ್ಮ ಅಲ್ಲಿ ಒಬ್ಬರೇ ಇದ್ದಾರೆ. ಇದಕ್ಕಿಂತ ದೊಡ್ಡ ಪೀಠಿಕೆ ಈ ವಾದಕ್ಕೆ ಬೇಕಿಲ್ಲ.

ಕಳೆದ ಮೇ ತಿಂಗಳಲ್ಲಿ ಕ್ಲಚ್ ಬಿಟ್ಟಾಗಲೆಲ್ಲ ಅಡಿಯಿಂದ ‘ಠಣ್’ ಎಂಬ ಸದ್ದು ಕೇಳತೊಡಗಿತು; ವೇಗ ಅರವತ್ತು ದಾಟಿದರೆ ಆಸನವೇ ನಡುಗುತ್ತಿತ್ತು. ಮೊದಲು ಹೋದ ದೊಡ್ಡ ಸರ್ವಿಸ್ ಕೇಂದ್ರದಲ್ಲಿ ಯಾರೂ ಗಾಡಿಯ ಕೆಳಗೆ ಇಣುಕಲಿಲ್ಲ. ಕಂಪ್ಯೂಟರಿನಲ್ಲಿ ನೋಂದಣಿಯ ವರ್ಷ ಕಂಡೊಡನೆ ಎಕ್ಸ್‌ಚೇಂಜ್ ಬೋನಸ್ಸಿನ ಲೆಕ್ಕ ಹೇಳಿದರು. ಅಲ್ಲಿಂದ ಬಿಡಿಭಾಗಗಳ ಅಂಗಡಿಗಳಿಗೆ ಹೆಸರಾದ ನಾನಾ ಪೇಠೆಗೆ ಹೋಗಿ, ಅಲ್ಲಿಯವರು ತೋರಿಸಿದ ವಯಸ್ಸಾದ ಮೇಸ್ತ್ರಿಯೊಬ್ಬರ ಮುಂದೆ ಗಾಡಿ ನಿಲ್ಲಿಸಿದೆವು.

ಅವರು ಮೊದಲು ಮಾಡಿದ ಕೆಲಸ ಚಕ್ರಗಳಿಗೆ ಕಲ್ಲು ಕೊಟ್ಟದ್ದು. ಹಿಂದಿನ ಶಾಫ್ಟು ಬಿಚ್ಚಿದ ಮೇಲೆ ಗೇರಿನಲ್ಲಿಟ್ಟ ಗಾಡಿಯನ್ನೂ ಗೇರು ಹಿಡಿಯುವುದಿಲ್ಲ. ಆ ಕೊಂಡಿಯೇ ಕಳಚಿರುತ್ತದೆ. ಆಮೇಲೆ ಫ್ಲಾಂಜುಗಳ ಮೇಲೆ ಎದುರುಬದುರು ಗುರುತು ಹಾಕಿ ಬೋಲ್ಟುಗಳನ್ನು ತೆಗೆದರು. ಗುರುತು ಯಾಕೆಂದು ಕೇಳಿದೆವು. ಓರೆಯಾಗಿ ತಿರುಗುವ ಒಂದು ಕ್ರಾಸ್ ಜಾಯಿಂಟು ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗವಾಗಿ, ಎರಡು ಸಲ ನಿಧಾನವಾಗಿ ತಿರುಗಿಸುತ್ತದೆ. ಇನ್ನೊಂದು ತುದಿಯ ಜಾಯಿಂಟು ಅದಕ್ಕೆ ಸರಿಯಾಗಿ ಕೂತರೆ ಮಾತ್ರ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಇಂಗ್ಲಿಷಿನವರು ಇದಕ್ಕೆ ಹುಕ್‌ನ ಹೆಸರಿಟ್ಟಿದ್ದಾರೆ. 1676ರಲ್ಲಿ ಶ್ಯಾಡ್‌ವೆಲ್ ತನ್ನ ‘ದಿ ವರ್ಚುಒಸೊ’ ನಾಟಕದಲ್ಲಿ ಪ್ರಯೋಗಶೀಲರನ್ನು ಗೇಲಿ ಮಾಡಿದಾಗ ಅದು ತನ್ನ ಕುರಿತೇ ಎಂದು ನೊಂದುಕೊಂಡವನು ಈ ಹುಕ್. ಎಂ.ಎ. ತರಗತಿಯಲ್ಲಿ ನಾವೂ ಆ ನಾಟಕಕಾರನ ಜೊತೆ ನಕ್ಕವರು. ಆ ನಗು ಈಗ ಸ್ವಲ್ಪ ಚುಚ್ಚುತ್ತದೆ.

“ಕ್ರಾಸ್ ಮಾತ್ರ ಬದಲಿಸಿದರೆ ಸಾಲದೇ?” ಎಂದೆವು. ದುರಸ್ತಿಯ ಪರ ವಾದಿಸುವ ಹುಮ್ಮಸ್ಸು ನಮ್ಮದು. ಅವರು ಶಾಫ್ಟಿನ ಜಾರುವ ತುದಿಯನ್ನು ನಮ್ಮ ಕೈಗಿತ್ತು ತಿರುಚಲು ಹೇಳಿದರು. ಒಳಗಿನ ಹಲ್ಲುಗಳು ಸವೆದು ಕಟಕಟ ಆಡುತ್ತಿದ್ದವು. “ಕ್ರಾಸ್ ಹಾಕಿಕೊಡುತ್ತೇನೆ ಸಾಹೇಬ್, ದುಡ್ಡೂ ತೆಗೆದುಕೊಳ್ಳುತ್ತೇನೆ. ಮೂರು ತಿಂಗಳಿಗೆ ನೀವು ಮತ್ತೆ ಬರುತ್ತೀರಿ.” ತಪ್ಪು ನಮ್ಮದೇ. ಪ್ರತಿ ಮಳೆಗಾಲ ಕೆಸರುನೀರು ದಾಟಿಸಿ, ಗ್ರೀಸ್ ಹೊಡೆಸುವುದನ್ನು ವರ್ಷಗಟ್ಟಲೆ ಮರೆತಿದ್ದೆವು.

ಹೀಗೆ ಇಬ್ಬರೂ ‘ಬದಲಿಸಿ’ ಎಂದೇ ಹೇಳಿದರು. ಆದರೆ ಒಬ್ಬರು ತಾರೀಖು ನೋಡಿ ಇಡೀ ಗಾಡಿಯನ್ನು, ಇನ್ನೊಬ್ಬರು ಮುಟ್ಟಿ ನೋಡಿ ಒಂದು ಶಾಫ್ಟನ್ನು. ನಮ್ಮ ತಕರಾರು ಇರುವುದು ಇಲ್ಲಿ. 2023ರ ಏಪ್ರಿಲ್ 1ರಿಂದ ಸರ್ಕಾರಿ ವಾಹನಗಳಿಗೆ 15 ವರ್ಷ ತುಂಬಿದರೆ ನೋಂದಣಿಯ ನವೀಕರಣವಿಲ್ಲ. ರಕ್ಷಣೆ ಮತ್ತು ಆಂತರಿಕ ಭದ್ರತೆಯ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಚೆನ್ನಾಗಿ ಓಡುತ್ತಿದ್ದ ಜೀಪೊಂದು ಹಾಗೆ ಗುಜರಿಗೆ ಹೋದದ್ದನ್ನು ಕೇಂದ್ರ ಸರ್ಕಾರದ ನೌಕರರಾದ ನಾವು ಕಣ್ಣಾರೆ ಕಂಡಿದ್ದೇವೆ. (ಸೇವಾ ನಿಯಮಗಳ ಮಿತಿಯೊಳಗೆ ಇಷ್ಟು ಹೇಳಬಹುದೆಂದು ಭಾವಿಸುತ್ತೇವೆ.) ಹಳೆಯ ಡೀಸೆಲ್ ಎಂಜಿನ್ನು ಹೆಚ್ಚು ಹೊಗೆಯುಗುಳುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ, ಹಸಿರು ತೆರಿಗೆಯನ್ನು ಗೊಣಗದೆ ಕಟ್ಟಿದ್ದೇವೆ. ಹೊಗೆಯನ್ನು ಅಳೆಯಿರಿ, ಬ್ರೇಕನ್ನು ಪರೀಕ್ಷಿಸಿ, ಸೋತರೆ ಗುಜರಿಗೆ ಕಳಿಸಿ. ಖಾಸಗಿ ವಾಹನಕ್ಕೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯ ಅವಕಾಶವಿರುವಾಗ, ಜನರ ಹಣದಿಂದ ಕೊಂಡ ವಾಹನಕ್ಕೆ ಯಾಕಿಲ್ಲ?

‘ದುರಸ್ತಿಯ ಹಕ್ಕು’ ಕುರಿತು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿದಾಗ ಮೋಟಾರು ವಾಹನಗಳೂ ಅದರ ಪಟ್ಟಿಯಲ್ಲಿದ್ದವು. ಬಿಡಿಭಾಗವೂ ಕೈಪಿಡಿಯೂ ಗಲ್ಲಿಯ ಮೇಸ್ತ್ರಿಗೆ ದೊರೆಯುವಂತಾದರೆ ಮಾತ್ರ ಆ ಹಕ್ಕಿಗೆ ಅರ್ಥ. ನಮಗೆ ಬೇಕಾದ ಶಾಫ್ಟು ಐದನೆಯ ಅಂಗಡಿಯಲ್ಲಿ, ಅದೂ ಮೇಸ್ತ್ರಿಯ ಹಳೆಯ ಪರಿಚಯದಿಂದ ಸಿಕ್ಕಿತು.

ಸಂಜೆಯ ಹೊತ್ತಿಗೆ ನಡುಕ ನಿಂತಿತು. ಕಳಚಿದ ಶಾಫ್ಟನ್ನು ಅವರು ಎಸೆಯಲಿಲ್ಲ. ತುದಿ ಸವೆದಿದ್ದರೂ ಕೊಳವೆ ನೇರವಾಗಿದೆ, ಯಾರಿಗಾದರೂ ಒದಗೀತು ಎಂದು ಗೋಡೆಗೆ ಒರಗಿಸಿಟ್ಟರು.